ನಿಲ್ಲುವ ಕಾರು ಬೇಕಾಗಿದೆ

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ಕಳೆದ ವರ್ಷ ಜುಲೈನ ಒಂದು ರಾತ್ರಿ ಮೈಸೂರಿನ ರಿಂಗ್ ರೋಡಿನಲ್ಲಿ ನಾನು ಸೋದರಮಾವನ ಹಳೇ ಕಾರನ್ನು 110ರಲ್ಲಿ ಓಡಿಸುತ್ತಿದ್ದೆ. ಜೊತೆಗೆ ಇಬ್ಬರು ಸ್ನೇಹಿತರು. ರಸ್ತೆ ಖಾಲಿ ಇದೆ ಎಂದುಕೊಂಡಿದ್ದೆವು. ಖಾಲಿ ಇರಲಿಲ್ಲ. ಹಿಂದೆ ಚೀಲ ಕಟ್ಟಿದ್ದ ಸೈಕಲ್ ತಳ್ಳಿಕೊಂಡು ವಯಸ್ಸಾದವರೊಬ್ಬರು ರಸ್ತೆ ದಾಟುತ್ತಿದ್ದರು. ನಾನು ಬ್ರೇಕ್ ಮೇಲೆ ನಿಂತೇಬಿಟ್ಟೆ. ಎಬಿಎಸ್ ಇಲ್ಲದ ಕಾರು, ಚಕ್ರಗಳು ಲಾಕ್ ಆಗಿ ಕಿರುಚಿಕೊಂಡು ಜಾರಿದವು. ನಿಂತಾಗ ಬಂಪರ್‌ಗೂ ಆ ಸೈಕಲ್ಲಿಗೂ ನಡುವೆ ಒಂದು ಮಾರು ಅಂತರವಿತ್ತು. ಅವರು ಬೈಯಲಿಲ್ಲ. ಹೆಡ್‌ಲೈಟ್ ಬೆಳಕಿನಲ್ಲಿ ನಮ್ಮ ಕಡೆ ಒಮ್ಮೆ ನೋಡಿ, ಕೆಳಗೆ ಬಿದ್ದಿದ್ದ ಚೀಲ ಎತ್ತಿಕೊಂಡು ಹೊರಟುಹೋದರು. ಮನೆಗೆ ಬರುವವರೆಗೆ ನಾವು ಮೂವರೂ ಮಾತಾಡಲಿಲ್ಲ.

ನಮ್ಮಪ್ಪ ಸಾರಿಗೆ ಬಸ್ಸಿನ ಡ್ರೈವರ್. ಅಪಘಾತವಿಲ್ಲದ ಚಾಲನೆಗೆ ಸಿಕ್ಕ ಬೆಳ್ಳಿ ಪದಕ ನಮ್ಮನೆ ಶೋಕೇಸಿನಲ್ಲಿ ನನ್ನ ಎಸ್ಸೆಸ್ಸೆಲ್ಸಿ ಟ್ರೋಫಿಗಿಂತ ಮುಂದಿದೆ. ಬೆಳಿಗ್ಗೆ ಅಪ್ಪ ಕಾಫಿ ಲೋಟ ಹಿಡಿದುಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದರು. ಮುಂದಿನ ಚಕ್ರದ ಮುಂದೆ ಕೂತು ಟೈರ್ ಮೇಲೆ ಕೈಯಾಡಿಸಿದರು. ಒಂದು ಕಡೆ ಅಂಗೈಯಗಲ ಚಪ್ಪಟೆಯಾಗಿ ಸವೆದಿತ್ತು.

‘ರಾತ್ರಿ ಯಾರು ಅಡ್ಡ ಬಂದ್ರು?’ ಎಂದರು.

ಸುಳ್ಳು ಹೇಳುವ ಧೈರ್ಯ ಬರಲಿಲ್ಲ. ಎಲ್ಲ ಹೇಳಿದೆ. ಕಪಾಳಕ್ಕೆ ಬೀಳುತ್ತದೆ ಎಂದು ಕಾಯುತ್ತಿದ್ದೆ. ಅಪ್ಪ ಕಾಫಿ ಮುಗಿಸಿ ಹೇಳಿದ್ದು ಇಷ್ಟೇ: ‘ಜೋರಾಗಿ ಓಡಿಸೋ ಆಸೆ ತಪ್ಪಲ್ಲ ಕಣೋ. ನೀನು ಓಡಿಸಿದ ಜಾಗ ತಪ್ಪು. ಅದಕ್ಕೆ ಅಂತ ಜಾಗ ಇದ್ದರೆ ಹುಡುಕು, ಇಲ್ಲದಿದ್ದರೆ ಆಸೆ ಬಿಡು.’

ನಾನು ಜಾಗ ಹುಡುಕಿದೆ. ಆ ಜಾಗಕ್ಕೆ ಹೋಗಲು ಕಾರು ಹುಡುಕಿದ ಕತೆ ಇದು.

ಟ್ರ್ಯಾಕ್ ಡೇ ಅಂದರೆ

ರೇಸ್ ಬೇರೆ, ಟ್ರ್ಯಾಕ್ ಡೇ ಬೇರೆ. ಟ್ರ್ಯಾಕ್ ಡೇಯಲ್ಲಿ ಬಹುಮಾನವಿಲ್ಲ, ಗೆಲುವಿಲ್ಲ. ಶುಲ್ಕ ಕಟ್ಟಿ, ಹೆಲ್ಮೆಟ್ ಹಾಕಿ, ನಮ್ಮದೇ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಅವಕಾಶ ಅದು. ಮೊದಲು ಎಲ್ಲರನ್ನೂ ಕೂರಿಸಿ ಯಾವ ಬಾವುಟಕ್ಕೆ ಏನು ಅರ್ಥ, ಎಲ್ಲಿ ಮಾತ್ರ ಓವರ್‌ಟೇಕ್ ಮಾಡಬಹುದು ಎಂದು ಪಾಠ ಹೇಳುತ್ತಾರೆ. ಆಮೇಲೆ ತಂಡ ತಂಡವಾಗಿ ಹದಿನೈದು, ಇಪ್ಪತ್ತು ನಿಮಿಷ ಬಿಡುತ್ತಾರೆ. ಎದುರಿನಿಂದ ವಾಹನ ಬರುವುದಿಲ್ಲ. ನಾಯಿ, ಹಸು, ಸೈಕಲ್ ಬರುವುದಿಲ್ಲ. ತಪ್ಪಿದರೆ ಪಕ್ಕದಲ್ಲಿ ಮಣ್ಣಿನ ಬಯಲಿರುತ್ತದೆ, ಆಂಬುಲೆನ್ಸ್ ಕಾಯುತ್ತಿರುತ್ತದೆ.

ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅಪರಾಧ, ಜೈಲೂ ಆಗಬಹುದು. ಹಾಗಾದರೆ ಟ್ರ್ಯಾಕ್ ಎಲ್ಲಿದೆ? ಫಾರ್ಮುಲಾ ಒನ್ ನಡೆದಿದ್ದ 5.125 ಕಿ.ಮೀ. ಉದ್ದದ ಬುದ್ಧ ಸರ್ಕ್ಯೂಟ್ ಇರುವುದು ಗ್ರೇಟರ್ ನೋಯ್ಡಾದಲ್ಲಿ. ಚೆನ್ನೈ ಹತ್ತಿರ ಶ್ರೀಪೆರಂಬದೂರಿನ ಬಳಿ 3.7 ಕಿ.ಮೀ. ಟ್ರ್ಯಾಕ್ ಇದೆ. ನಮಗೆ ಹತ್ತಿರದ್ದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. 2003ರಲ್ಲಿ ಶುರುವಾದ ಈ ಟ್ರ್ಯಾಕಿಗೆ ರೇಸರ್ ಮತ್ತು ರೇಸ್ ಕಾರುಗಳ ವಿನ್ಯಾಸಕ ಎಸ್. ಕರಿವರ್ಧನ್ ಅವರ ಹೆಸರಿಟ್ಟಿದ್ದಾರೆ. ಉದ್ದ ಸುಮಾರು 2.1 ಕಿ.ಮೀ. ಚಾಮರಾಜನಗರ, ಸತ್ಯಮಂಗಲದ ದಾರಿಯಲ್ಲಿ ಹೋದರೆ ಮೈಸೂರಿನಿಂದ ಹೆಚ್ಚುಕಡಿಮೆ ಇನ್ನೂರು ಕಿ.ಮೀ. ಬೆಳಗಿನ ಜಾವ ಹೊರಟರೆ ತಿಂಡಿ ಹೊತ್ತಿಗೆ ಅಲ್ಲಿರಬಹುದು.

ಕನಸಿನ ಪಟ್ಟಿ, ಜೇಬಿನ ಪಟ್ಟಿ

ಕಾರಿಗೆ ದುಡ್ಡು ಹಾಕಿದ್ದು ಮೂವರು. ಮೆಕ್ಯಾನಿಕಲ್ ಓದುವ ನಾನು, ನನ್ನ ಬೆಂಚ್‌ಮೇಟ್ ಮತ್ತು ಎಲೆಕ್ಟ್ರಾನಿಕ್ಸ್ ಓದುವ ಗೆಳತಿ. ಟ್ಯೂಷನ್ ಹೇಳಿದ ದುಡ್ಡು, ಇಂಟರ್ನ್‌ಶಿಪ್ ಸ್ಟೈಪೆಂಡ್, ಗೆಳತಿಗೆ ಅವಳ ಅಜ್ಜಿ ಕೊಟ್ಟಿದ್ದ ಹಣ ಎಲ್ಲ ಸೇರಿ 1,80,000 ರೂಪಾಯಿ. ಇಷ್ಟರಲ್ಲಿ ಸ್ಪೋರ್ಟ್ಸ್ ಕಾರು ಕೊಳ್ಳುತ್ತೇವೆ ಎಂದಾಗ ಹಾಸ್ಟೆಲ್ ಪೂರ್ತಿ ನಕ್ಕಿತು.

ನಕ್ಕಿದ್ದರಲ್ಲಿ ತಪ್ಪಿಲ್ಲ. ಅಮೆರಿಕದಲ್ಲಿ ನಮ್ಮಂಥವರಿಗೆ ಸಿದ್ಧ ಉತ್ತರವೊಂದಿದೆ: ಹಳೇ ಮಜ್ದಾ ಮಿಯಾಟಾ. 1989ರಲ್ಲಿ ಬಂದ ಎರಡು ಸೀಟಿನ, ಹಿಂಚಕ್ರ ಚಾಲನೆಯ ಹಗುರ ಕಾರು ಅದು. ನಮ್ಮ ಮಾರುಕಟ್ಟೆಯಲ್ಲಿ ಅದು ಸಿಗುವುದಿಲ್ಲ. ಹೊರಗಿನಿಂದ ತರಿಸೋಣವೆಂದರೆ ಮೂರು ವರ್ಷಕ್ಕಿಂತ ಹಳೆಯ ಕಾರಿಗೆ ಅವಕಾಶವಿಲ್ಲ, ಸುಂಕವಂತೂ ಕಾರಿನ ಬೆಲೆಯನ್ನೇ ನುಂಗುತ್ತದೆ. ಹಾಗಾಗಿ ನಮ್ಮಲ್ಲಿ ಬಡವರ ಸ್ಪೋರ್ಟ್ಸ್ ಕಾರು ಎಂದರೆ ಚುರುಕಾದ ಹ್ಯಾಚ್‌ಬ್ಯಾಕ್, ಇಲ್ಲವೇ ಹಳೇ ಸೆಡಾನ್.

ನಮ್ಮ ಕನಸಿನ ಪಟ್ಟಿಯಲ್ಲಿ ಮೊದಲಿದ್ದದ್ದು 2015ರಲ್ಲಿ ಬಂದ ಅಬಾರ್ತ್ ಪುಂಟೊ. 1.4 ಲೀಟರ್ ಟರ್ಬೊ ಎಂಜಿನ್, 145 ಬಿಎಚ್‌ಪಿ. ಎರಡನೆಯದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. ಮೂರನೆಯದು 2017ರ ಮಾರುತಿ ಬಲೆನೊ ಆರ್‌ಎಸ್, ಒಂದು ಲೀಟರ್ ಟರ್ಬೊ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಕೆಲಸದಲ್ಲಿರುವ ಓದುಗರು ಇವನ್ನು ನೋಡಬಹುದು. ನಮ್ಮ ಜೇಬಿಗೆ ಒಗ್ಗುವ ಪಟ್ಟಿ ಬೇರೆ ಇತ್ತು. 106 ಬಿಎಚ್‌ಪಿಯ ಹಳೇ ಹೋಂಡಾ ಸಿಟಿ ವಿಟೆಕ್, ಫಿಯೆಟ್ ಪಾಲಿಯೊ 1.6, ರೇಸು ರ‍್ಯಾಲಿಗಳಲ್ಲಿ ಪಳಗಿದ ಮಾರುತಿ ಎಸ್ಟೀಮ್ ಮತ್ತು 2005ರಿಂದ 2010ರವರೆಗೆ ಬಂದ 1.3 ಲೀಟರ್ ಪೆಟ್ರೋಲ್ ಸ್ವಿಫ್ಟ್.

ಪಟ್ಟಿ ನೋಡಿದ ಅಪ್ಪ ಎರಡು ಷರತ್ತು ಹಾಕಿದರು. ಒಂದು, ಕಾರು ನೋಡಲು ತಾವೂ ಬರುತ್ತೇವೆ. ಎರಡು, ಇರುವ ದುಡ್ಡಿನಲ್ಲಿ ಮೂರನೇ ಒಂದು ಭಾಗವನ್ನಾದರೂ ಕಾರು ಕೊಂಡ ಮೇಲೂ ಕೈಯಲ್ಲಿ ಇಟ್ಟುಕೊಂಡಿರಬೇಕು. ‘ಕಾರು ತಗೊಳ್ಳೋದು ಮದುವೆ ಊಟ ಇದ್ದಂಗೆ. ಓಡಿಸೋದು ಸಂಸಾರ’ ಎಂದರು.

ಕುದಿಯುವ ನೀರಿನ ಲೆಕ್ಕ

ಸಂಸಾರದ ಖರ್ಚು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಮೊದಲ ಸೆಮಿಸ್ಟರಿನ ಫಿಸಿಕ್ಸ್ ಸಾಕು. ಓಡುವ ಕಾರಿನ ಚಲನ ಶಕ್ತಿ ಎಂದರೆ ತೂಕದ ಅರ್ಧ ಗುಣಿಸು ವೇಗದ ವರ್ಗ. 1,000 ಕೆ.ಜಿ. ತೂಕದ ಕಾರು ಗಂಟೆಗೆ 120 ಕಿ.ಮೀ. ವೇಗದಿಂದ 60ಕ್ಕೆ ಇಳಿಯಬೇಕಾದರೆ ಸುಮಾರು 417 ಕಿಲೋಜೌಲ್ ಶಕ್ತಿಯನ್ನು ಎಲ್ಲಾದರೂ ಕಳೆದುಕೊಳ್ಳಬೇಕು. ಅದರ ಬಹುಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ. ಮಂಜಿನಷ್ಟು ತಣ್ಣಗಿರುವ ಒಂದು ಲೀಟರ್ ನೀರನ್ನು ಕುದಿಬಿಂದುವಿಗೆ ತರಲು ಬೇಕಾದಷ್ಟೇ ಶಕ್ತಿ ಇದು. ರಸ್ತೆಯಲ್ಲಿ ಹೀಗೆ ಬ್ರೇಕ್ ಒತ್ತುವುದು ಯಾವಾಗಲೋ ಒಮ್ಮೆ. ಟ್ರ್ಯಾಕಿನಲ್ಲಿ ಸುತ್ತಿಗೆ ಒಂದೇ ಬಾರಿ ಎಂದುಕೊಂಡರೂ ಹತ್ತು ಸುತ್ತಿನಲ್ಲಿ ಹತ್ತು ಲೀಟರ್ ನೀರು ಕಾಯಿಸಿದಂತಾಯಿತು. ಕಾರು 200 ಕೆ.ಜಿ. ಹೆಚ್ಚು ತೂಗಿದರೆ ಶಾಖವೂ ಐದನೇ ಒಂದು ಭಾಗ ಹೆಚ್ಚು. ಹೆಚ್ಚು ಹಾರ್ಸ್‌ಪವರ್ ಇದ್ದರೆ ನೇರ ರಸ್ತೆಯ ಕೊನೆಯಲ್ಲಿ ವೇಗ ಹೆಚ್ಚು, ವೇಗದ ವರ್ಗದಷ್ಟು ಶಾಖ ಹೆಚ್ಚು.

ಈ ಶಾಖ ಬ್ರೇಕ್ ದ್ರವಕ್ಕೂ ಹರಿಯುತ್ತದೆ. ಆ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಹೊಸ ಡಾಟ್ 4 ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಕುಡಿದ ಹಳೇ ದ್ರವಕ್ಕೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ ತುಂಬುತ್ತದೆ. ದ್ರವ ಒತ್ತಡಕ್ಕೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ನೀವು ಪೆಡಲ್ ಒತ್ತುತ್ತೀರಿ, ಅದು ಒದ್ದೆ ಸ್ಪಂಜಿನಂತೆ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಕೆಲವು ನೂರು ರೂಪಾಯಿಯ ಒಂದು ಬಾಟಲಿ ದ್ರವ ಬದಲಿಸದೆ ಟ್ರ್ಯಾಕಿಗೆ ಇಳಿಯುವುದು ಎಂದರೆ ಇದು.

ಈ ಲೆಕ್ಕ ಹಾಕಿದ ಮೇಲೆ ನಮ್ಮ ಪ್ರಶ್ನೆಯೇ ಬದಲಾಯಿತು. ‘ಎಷ್ಟು ಬಿಎಚ್‌ಪಿ ಸಿಗುತ್ತೆ?’ ಎನ್ನುವುದನ್ನು ಬಿಟ್ಟು, ‘ಯಾವ ಕಾರಿನ ಟೈರ್, ಬ್ರೇಕ್ ಪ್ಯಾಡ್‌ಗಳನ್ನು ನಾವು ಪದೇಪದೇ ಸವೆಸಿ ಬದಲಿಸಲು ಸಾಧ್ಯ?’ ಎಂದು ಕೇಳತೊಡಗಿದೆವು. ಬಿಡಿಭಾಗ ಯಾವ ಊರಿನಲ್ಲೂ ಸಿಗಬೇಕು, ಕಾರು ಹಗುರ ಇರಬೇಕು, ಟೈರ್ ಚಿಕ್ಕದಿರಬೇಕು, ಎಂಜಿನ್ ಬಿಚ್ಚಲು ಗೊತ್ತಿರುವ ಮೆಕ್ಯಾನಿಕ್ ಬೀದಿಗೊಬ್ಬ ಇರಬೇಕು.

ಕೆಂಪು ಕಾರು, ಬೂದು ಕಾರು

ಇಷ್ಟೆಲ್ಲ ಬುದ್ಧಿ ಬಂದಿದ್ದರೂ ಮೊದಲು ನೋಡಲು ಹೋದ ಕಾರಿಗೆ ನಾವು ಮೂವರೂ ಮನಸೋತೆವು. ಹಳೇ ಸೆಡಾನ್, ಕೆಂಪು ಬಣ್ಣ, ನೆಲಕ್ಕೆ ತಗ್ಗಿಸಿದ ಸಸ್ಪೆನ್ಷನ್, ದೊಡ್ಡ ಅಲಾಯ್ ಚಕ್ರ, ಎದೆ ನಡುಗಿಸುವ ಸೈಲೆನ್ಸರ್. ಕೇಳಿದ್ದು 1,65,000. ಬೆಂಚ್‌ಮೇಟ್ ಆಗಲೇ ಫೋಟೊ ತೆಗೆದು ಸ್ಟೇಟಸ್ ಹಾಕಲು ಸಿದ್ಧನಾಗಿದ್ದ.

ಅಪ್ಪ ಎಂಜಿನ್ ಶಬ್ದ ಕೇಳಲೇ ಇಲ್ಲ. ಬಾನೆಟ್ ಮೇಲೆ ಕೈಯಿಟ್ಟು, ‘ಬಿಸಿ ಇದೆ. ನಾವು ಬರೋ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ’ ಎಂದರು. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ತಾನೇ ಹೊಗೆ, ಕಟಕಟ ಶಬ್ದ ಎಲ್ಲ ಗೊತ್ತಾಗುವುದು? ಬಾನೆಟ್ ಎತ್ತಿ ಬೋಲ್ಟ್‌ಗಳನ್ನು ತೋರಿಸಿದರು. ಅಂಚಿನ ಬಣ್ಣ ಎದ್ದುಹೋಗಿತ್ತು, ಅಂದರೆ ಯಾವಾಗಲೋ ಬಿಚ್ಚಿದ್ದಾರೆ. ಕೆಳಗೆ ಮಲಗಿ ಟಾರ್ಚ್ ಬಿಟ್ಟಾಗ ಮುಂದಿನ ಚಾಸಿ ತೊಲೆಯಲ್ಲಿ ಸುಕ್ಕು, ಅದರ ಮೇಲೆ ಹೊಸ ವೆಲ್ಡಿಂಗ್, ಅದರ ಮೇಲೆ ಕಪ್ಪು ಬಣ್ಣ. ತಗ್ಗಿಸಿದ ಸಸ್ಪೆನ್ಷನ್ ಎಂದರೆ ಸ್ಪ್ರಿಂಗ್ ಸುರುಳಿಯನ್ನೇ ಕತ್ತರಿಸಿದ್ದರು. ಹಳೇ ಮಾಲೀಕ ಮಾಡಿದ ಪಾಪವನ್ನು ನಾವು ಲಕ್ಷಾಂತರ ಕೊಟ್ಟು ಕೊಳ್ಳುವುದರಲ್ಲಿದ್ದೆವು.

‘ಅಲಂಕಾರ ನೋಡಿ ದುಡ್ಡು ಕೊಟ್ರೆ ಅಲಂಕಾರಕ್ಕೇ ದುಡ್ಡು ಹೋಗುತ್ತೆ’ ಎಂದು ಅಪ್ಪ ಹೊರಟರು. ಬೆಂಚ್‌ಮೇಟ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ನಾಲ್ಕು ಕಾರು ನೋಡಿದ ಮೇಲೆ ಐದನೆಯದು ಸಿಕ್ಕಿತು. 2008ರ ಸ್ವಿಫ್ಟ್ 1.3, ನಿವೃತ್ತ ಮೇಷ್ಟ್ರೊಬ್ಬರದು. ಬೂದು ಬಣ್ಣ, ಎಡಬಾಗಿಲಿನ ಮೇಲೆ ಗೇಟು ತಾಗಿದ ಗೀರು, ಡ್ಯಾಶ್‌ಬೋರ್ಡಿನಲ್ಲಿ ಚಿಕ್ಕ ಗಣಪತಿ. 87 ಬಿಎಚ್‌ಪಿ, ತೂಕ ಸುಮಾರು ಒಂದು ಟನ್. ಮೇಷ್ಟ್ರು ಪೆಟ್ರೋಲ್ ಹಾಕಿಸಿದ ಲೆಕ್ಕವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಆ ನೋಟ್‌ಬುಕ್ ನೋಡಿಯೇ ಅಪ್ಪನಿಗೆ ಅರ್ಧ ಒಪ್ಪಿಗೆಯಾಯಿತು.

ಉಳಿದರ್ಧಕ್ಕೆ ನಾವು ನೋಡಿದ್ದು ಇಷ್ಟು. ಹಳೇ ಕಾರು ಕೊಳ್ಳುವ ಯಾರಿಗಾದರೂ ಉಪಯೋಗಕ್ಕೆ ಬಂದೀತು. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ: ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಆಯಿಲ್ ಮುಚ್ಚಳದ ಕೆಳಗೆ ಮಜ್ಜಿಗೆಯಂಥ ನೊರೆ ಇದ್ದರೆ ಅನುಮಾನಿಸಿ. ಬಾಡಿ ಮೇಲೆ ಸಣ್ಣ ಆಯಸ್ಕಾಂತ ಇಟ್ಟು ನೋಡಿ. ಹಿಡಿಯದ ಕಡೆ ಪುಟ್ಟಿ ಇದೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರ್. ಖಾಲಿ ಜಾಗದಲ್ಲಿ 40ರ ವೇಗದಿಂದ ಗಟ್ಟಿಯಾಗಿ ಬ್ರೇಕ್ ಒತ್ತಿ. ಕಾರು ಒಂದು ಪಕ್ಕಕ್ಕೆ ಎಳೆಯಬಾರದು. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಎಂಬುದಕ್ಕೆ ಬಿಲ್ ಕೇಳಿ, ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದುಕೊಳ್ಳಿ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದೆಯೇ, ದಂಡ ಬಾಕಿ ಇದೆಯೇ, ಚಾಸಿ ನಂಬರ್ ಹೊಂದುತ್ತದೆಯೇ ನೋಡಿ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಮೇಷ್ಟ್ರು 2023ರಲ್ಲೇ ಮಾಡಿಸಿದ್ದರು.

1,10,000ಕ್ಕೆ ಕಾರು ನಮ್ಮದಾಯಿತು. ಹೆಸರು ಬದಲಾವಣೆ ಖರ್ಚು 5,500. ನಾಲ್ಕು ಹೊಸ ಟೈರ್ 17,000. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಆಯಿಲ್, ಕೂಲೆಂಟ್ ಸೇರಿ 14,000. ಬ್ರೇಕ್ ಪ್ಯಾಡ್, ಹೊಸ ದ್ರವ, ಸಸ್ಪೆನ್ಷನ್ ಬುಷ್‌ಗೆ 8,500. ಉಳಿದ 25,000 ಮೊದಲ ಪ್ರವಾಸಕ್ಕೆ. ಎಂಜಿನ್ ಶಕ್ತಿ ಹೆಚ್ಚಿಸಲು ಒಂದು ರೂಪಾಯಿಯನ್ನೂ ಖರ್ಚು ಮಾಡಲಿಲ್ಲ.

ಇನ್ನೊಂದು ಮಾತು. ಸಾಮಾನ್ಯ ವಾಹನ ವಿಮೆ ರೇಸಿಂಗ್, ವೇಗ ಪರೀಕ್ಷೆಗಳಿಗೆ ಅನ್ವಯಿಸುವುದಿಲ್ಲ. ಟ್ರ್ಯಾಕಿನಲ್ಲಿ ಗುದ್ದಿದರೆ ನಷ್ಟ ನಮ್ಮದೇ. ಆದ್ದರಿಂದ ಕಳೆದುಕೊಂಡರೆ ತಡೆದುಕೊಳ್ಳಬಲ್ಲಷ್ಟು ಬೆಲೆಯ ಕಾರನ್ನೇ ಅಲ್ಲಿಗೆ ಒಯ್ಯಬೇಕು. ಸಾಲ ಮಾಡಿ ಕೊಂಡ ಕಾರಿನಲ್ಲಿ ಟ್ರ್ಯಾಕಿಗೆ ಇಳಿದರೆ ಪ್ರತಿ ತಿರುವಿನಲ್ಲೂ ಕಂತು ನೆನಪಾಗುತ್ತದೆ.

ಕೊಯಮತ್ತೂರಿನಲ್ಲಿ ಒಂದು ಭಾನುವಾರ

ಜನವರಿಯ ಒಂದು ಭಾನುವಾರ ಅಪ್ಪನನ್ನೂ ಕೂರಿಸಿಕೊಂಡು ಹೋದೆವು. ಅಪ್ಪ ದಾರಿಯುದ್ದಕ್ಕೂ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದರು, ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಬೇರೆಯವರು ಓಡಿಸುವ ಗಾಡಿಯಲ್ಲಿ ಅಪ್ಪ ಕಣ್ಣು ಮುಚ್ಚಿದ್ದನ್ನು ನಾನು ನೋಡಿಯೇ ಇರಲಿಲ್ಲ. ರಾತ್ರಿ ಬಸ್ಸಿನಲ್ಲೂ ಡ್ರೈವರ್ ಹಿಂದಿನ ಸೀಟು ಹಿಡಿದು ಬೆಳಗಾಗುವವರೆಗೆ ರಸ್ತೆ ನೋಡುವ ಜೀವ ಅದು.

ಮೊದಲ ಸರದಿ ನನ್ನದು. ರಸ್ತೆಯಲ್ಲಿ ನಾನು ಹೀರೊ ಎಂದುಕೊಂಡಿದ್ದೆ. ಮೂರನೇ ಸುತ್ತಿನ ಹೊತ್ತಿಗೆ ನನಗೆ ಓಡಿಸಲು ಬರುವುದಿಲ್ಲ ಎಂದು ಗೊತ್ತಾಯಿತು. ಬ್ರೇಕ್ ತಡವಾಗಿ ಒತ್ತುತ್ತಿದ್ದೆ, ಸ್ಟೀರಿಂಗ್ ಬೇಗ ತಿರುಗಿಸುತ್ತಿದ್ದೆ, ತಿರುವಿನ ನಡುವೆ ಮುಂಚಕ್ರಗಳು ಹಿಡಿತ ಬಿಟ್ಟು ಕಾರು ಹೊರಗೆ ಜಾರುತ್ತಿತ್ತು. ಹಿಂದಿನಿಂದ ಹಳೇ ಎಸ್ಟೀಮ್ ಒಂದು ಬಂತು. ಕೈ ತೋರಿಸಿ ದಾರಿ ಬಿಟ್ಟೆ. ಅದರ ಬ್ರೇಕ್ ಲೈಟ್ ಎಲ್ಲಿ ಹೊತ್ತುತ್ತದೆ, ಎಲ್ಲಿ ಆರುತ್ತದೆ ಎಂದು ನೋಡುತ್ತಾ ಎರಡು ಸುತ್ತು ಹಿಂಬಾಲಿಸಿದೆ. ಒಂದು ಸೆಮಿಸ್ಟರಿನಷ್ಟು ಪಾಠವಾಯಿತು.

ಪಿಟ್‌ಗೆ ಬಂದಾಗ ನೋಡಿದರೆ ಎಸ್ಟೀಮ್ ಓಡಿಸುತ್ತಿದ್ದವರು ಅಪ್ಪನ ವಯಸ್ಸಿನವರು. ನಾನು ಹ್ಯಾಂಡ್‌ಬ್ರೇಕ್ ಎಳೆಯಲು ಹೋದಾಗ ಓಡಿ ಬಂದು ತಡೆದರು. ಕೆಂಡದಷ್ಟು ಬಿಸಿಯಾದ ಬ್ರೇಕನ್ನು ಬಿಗಿಹಿಡಿದು ನಿಲ್ಲಿಸಬಾರದಂತೆ. ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಬೇಕು. ಕೊನೆಯ ಸುತ್ತನ್ನು ನಿಧಾನಕ್ಕೆ ಓಡಿಸಿ ಬ್ರೇಕ್ ತಣಿಸಬೇಕು. ಬಿಸಿಗೆ ಟೈರಿನ ಗಾಳಿಯ ಒತ್ತಡ ಏರಿರುತ್ತದೆ, ಪ್ರತಿ ಸರದಿಯ ನಂತರ ಅಳೆಯಬೇಕು. ಚಕ್ರದ ನಟ್ಟುಗಳನ್ನೂ ಮತ್ತೆ ಬಿಗಿ ನೋಡಬೇಕು. ನಾವು ಬರೆದುಕೊಂಡೆವು.

ಮಧ್ಯಾಹ್ನದ ಹೊತ್ತಿಗೆ, ನಮ್ಮದಕ್ಕಿಂತ ಹತ್ತು ಪಟ್ಟು ಬೆಲೆಯ ಟರ್ಬೊ ಕಾರೊಂದು ಮುಂಚಕ್ರಗಳಿಂದ ಹೊಗೆ ಬಿಡುತ್ತಾ ಪಿಟ್‌ಗೆ ಬಂತು. ನಮ್ಮ ವಯಸ್ಸಿನ ಹುಡುಗ ಕೆಳಗಿಳಿದು ಸುಮ್ಮನೆ ನಿಂತ. ಪೆಡಲ್ ನೆಲ ಮುಟ್ಟಿತಂತೆ. ಪುಣ್ಯಕ್ಕೆ ಮುಂದೆ ಮಣ್ಣಿನ ಬಯಲಿತ್ತು. ನನಗೆ ರಿಂಗ್ ರೋಡು ನೆನಪಾಯಿತು. ಅಲ್ಲಿ ಆ ಮಣ್ಣಿನ ಬಯಲಿನ ಜಾಗದಲ್ಲಿ ಒಬ್ಬ ಮನುಷ್ಯ ನಿಂತಿದ್ದ.

ಆ ದಿನ ನಮ್ಮ ಮೂವರಲ್ಲಿ ವೇಗವಾಗಿ ಓಡಿಸಿದವಳು ಗೆಳತಿ. ಅವಳು ಯಾರನ್ನೂ ಹಿಂದಿಕ್ಕಲು ಹೋಗಲಿಲ್ಲ, ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಬ್ರೇಕ್ ಒತ್ತಿದಳು, ಅಷ್ಟೇ. ಕೆಂಪು ಕಾರಿಗಾಗಿ ಮುನಿಸಿಕೊಂಡಿದ್ದ ಬೆಂಚ್‌ಮೇಟ್ ಈಗ ನಮ್ಮ ಬೂದು ಕಾರಿನ ಫೋಟೊವನ್ನೇ ಸ್ಟೇಟಸ್‌ಗೆ ಹಾಕಿದ.

ಮೂರು ಗಂಟೆಗೆ ವಾಪಸ್ ಹೊರಟೆವು. ಸತ್ಯಮಂಗಲ ದಾಟಿದ ಮೇಲೆ ದಿಂಬಂ ಘಾಟಿ ಬರುತ್ತದೆ, 27 ಹೇರ್‌ಪಿನ್ ತಿರುವು. ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಮೇಲಿನಿಂದ ಲಾರಿ ಇಳಿಯುತ್ತಿದ್ದರೆ ತಿರುವಿನ ಕೆಳಗೇ ನಿಂತು ದಾರಿ ಬಿಟ್ಟೆ. ಯಾರನ್ನೂ ಹಿಂದಿಕ್ಕಬೇಕು ಅನ್ನಿಸಲಿಲ್ಲ. ಓಡಿಸುವ ಹಸಿವು ಬೆಳಿಗ್ಗೆಯೇ ತೀರಿತ್ತು, ನನಗೆ ಎಷ್ಟು ಬರುತ್ತದೆ ಎಂಬುದೂ ಗೊತ್ತಾಗಿತ್ತು.

ಹದಿನೈದನೇ ತಿರುವಿನ ಹತ್ತಿರ, ‘ಅಪ್ಪಾ, ಟೀಗೆ ನಿಲ್ಲಿಸ್ಲಾ?’ ಎಂದೆ. ಉತ್ತರ ಬರಲಿಲ್ಲ. ತಿರುಗಿ ನೋಡಿದೆ. ಸೀಟಿಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದು, ಅಪ್ಪ ಗಾಢ ನಿದ್ದೆಯಲ್ಲಿದ್ದರು.

ಟೀಗೆ ನಿಲ್ಲಿಸಲಿಲ್ಲ. ಅವರಿಗೆ ಎಚ್ಚರವಾಗದ ಹಾಗೆ ಬ್ರೇಕ್ ಒತ್ತುತ್ತಾ ಮೈಸೂರಿನವರೆಗೆ ಬಂದೆ.